ಬಂಗುಡೆಯ ಹೇನು

ಬಾಗಿ ಹದಿನೆಂಟು ವರ್ಷ ದೋಣಿಗಳು ಮೀನು ಇಳಿಸುವ ದಕ್ಕೆಯಿಂದ ಅತ್ತಾವರದ ಓಣಿಯೊಂದಕ್ಕೆ ಮೀನು ಹೊತ್ತವಳು. ಕಡಲಿಗೆ ಹೋದ ಗಂಡ ತಿರುಗಿ ಬಾರದ ವರ್ಷ ತಲೆಗೇರಿದ ಬುಟ್ಟಿ ಅದು. ಅವಳ ಕೂಗು ಕೇಳಿದ ಮೇಲೆಯೇ ಆ ಓಣಿಯ ಹೆಂಗಸರು ಮಸಾಲೆ ಅರೆಯಲು ಕೂರುತ್ತಿದ್ದರು.

ಕೊನೆಯ ಮನೆಯ ಯೂಸ್ಟೇಸ್, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಮಾಸ್ಟ್ರು. ಅವರ ಬೇಡಿಕೆಯೇ ಬೇರೆ. "ಹುಳ ಇರುವ ಮೀನು ಉಂಟಾ ಬಾಗಿ?" ಬಂಗುಡೆಯ ಕಿವಿರಿನೊಳಗೆ ಒಮ್ಮೊಮ್ಮೆ ಬೆರಳ ತುದಿಯಷ್ಟು ದೊಡ್ಡ ಬಿಳಿ ಹೇನು ಅಂಟಿಕೊಂಡಿರುತ್ತದೆ, ಮೀನಿನ ರಕ್ತ ಹೀರಿ ಬದುಕುವಂಥದ್ದು. ಅಂಥ ಮೀನುಗಳನ್ನು ಬಾಗಿ ಬೇರೆಯೇ ಇಟ್ಟು ಅವರಿಗೆ ಕೊಡುತ್ತಿದ್ದಳು.

೧೯೬೧ರಲ್ಲಿ ಒಂದು ಹೇನು ಅವಳ ಕಣ್ಣು ತಪ್ಪಿಸಿ ಅದೇ ಓಣಿಯ ನರ್ಸ್ ಎಸ್ತೆರ್ ಅವರ ಅಡುಗೆಮನೆ ಸೇರಿತು. ಎಸ್ತೆರ್ ಅದನ್ನು ಕಿತ್ತೆಸೆದು, ಮೀನು ತೊಳೆದು ಗಸಿ ಮಾಡಿದರು. ವಾರದೊಳಗೆ ಅವರ ಆರು ವರ್ಷದ ಮಗಳು ಜೋನ್ ಜ್ವರ ಬಂದು ಮಲಗಿದಳು; ಇಪ್ಪತ್ತು ದಿನ ನರಳಿ ತೀರಿಕೊಂಡಳು. ಡಾಕ್ಟರು ಟೈಫಾಯಿಡ್ ಎಂದರು. ಓಣಿಯವರು ಹೇನು ಎಂದರು.

"ಇನ್ನು ಬರಬೇಡ ಬಾಗಿ," ಎಂದರು ಎಸ್ತೆರ್, ಬಾಗಿಲ ಸಂದಿಯಿಂದ. ಬೈದಿದ್ದರೆ ಬಾಗಿ ಏನಾದರೂ ಉತ್ತರ ಕೊಡುತ್ತಿದ್ದಳೋ ಏನೋ. ಮರುದಿನ ಉಳಿದ ಬಾಗಿಲುಗಳೂ ತೆರೆಯಲಿಲ್ಲ.

ಅವಳು ಮಾಸ್ಟ್ರಲ್ಲಿಗೆ ಹೋದಳು. "ನೀವು ಕಲಿತವರು. ಆ ಹುಳದಿಂದ ಮನುಷ್ಯರಿಗೆ ಎಂತದೂ ಆಗುವುದಿಲ್ಲ ಅಂತ ಒಂದು ಮಾತು ಹೇಳಿ ಮಾಸ್ಟ್ರೇ."

"ಹೇಳ್ತೇನೆ ಮಾರಾಯ್ತಿ. ಮೀನಿನ ಮೈ ಬಿಟ್ಟರೆ ಅದಕ್ಕೆ ಬದುಕೇ ಇಲ್ಲ."

ಭಾನುವಾರ ಇಗರ್ಜಿಯಲ್ಲಿ ಪಾದ್ರಿಗಳ ಪೂಜೆ ಮುಗಿದ ಮೇಲೆ ಎಸ್ತೆರ್ ಮನೆಯಂಗಳದಲ್ಲಿ ಹತ್ತು ಜನ ಸೇರಿದ್ದರು. ಮಾಸ್ಟ್ರು ವಿವರಿಸಿದರು. ಯಾರೂ ತಲೆಯಾಡಿಸದ್ದು ಕಂಡು ಕೈಚೀಲದಿಂದ ಗಾಜಿನ ಭರಣಿಯೊಂದನ್ನು ತೆಗೆದರು. ಸ್ಪಿರಿಟ್‌ನಲ್ಲಿ ನೂರಾರು ಬಿಳಿ ಹೇನುಗಳು, ಕಾಲು ಮಡಚಿ, ಒಂದರ ಮೇಲೊಂದು.

"ಎರಡು ವರ್ಷದಿಂದ ಬರಿಗೈಯಲ್ಲಿ ಹಿಡಿಯುತ್ತಿದ್ದೇನೆ. ನನಗೆಂತ ಆಗಿದೆ?"

"ಇಷ್ಟೆಲ್ಲ ಎಲ್ಲಿ ಸಿಕ್ಕಿತು?" ಪಕ್ಕದ ಮನೆಯ ಉಮಾವತಿ ಕೇಳಿದರು.

ಮಾಸ್ಟ್ರಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ. "ಹೆಚ್ಚಿನವು ಬಾಗಿಯೇ ತಂದದ್ದು."

ಎಸ್ತೆರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದರು. ವಾಂತಿ ಮಾಡುವ ಸದ್ದು ಅಂಗಳದವರೆಗೂ ಕೇಳಿಸಿತು.

ಬಾಗಿ ಬೇರೆ ಕೇರಿಗಳಿಗೆ ಹೋಗಿ ನೋಡಿದಳು; ಅವಳ ಬುಟ್ಟಿಯ ತುಂಬ ಹೇನು ಎಂಬ ಸುದ್ದಿ ಅವಳಿಗಿಂತ ಮೊದಲೇ ತಲುಪಿತ್ತು. ಮಳೆಗಾಲದ ಹೊತ್ತಿಗೆ ಬೀಡಿ ಕಟ್ಟಲು ಕೂತಳು. ಆ ಒರಟು ಬೆರಳಿಗೆ ಎಲೆ ಸುತ್ತುವ ಕೆಲಸ ಹಿಡಿಯಲಿಲ್ಲ. ಕಟ್ಟಿದ್ದರಲ್ಲಿ ಅರ್ಧ ತಿರಸ್ಕಾರವಾಗುತ್ತಿತ್ತು. ಅತ್ತಾವರಕ್ಕೆ ಈಗ ಬೇರೊಬ್ಬಳು ಅದೇ ದೋಣಿಯ ಬಂಗುಡೆ ಹೊತ್ತು ಹೋಗುತ್ತಿದ್ದಳು.

ಒಮ್ಮೆ ದಾರಿಯಲ್ಲಿ ಯೂಸ್ಟೇಸ್ ಮಾಸ್ಟ್ರು ಎದುರಾಗಿ, "ಅದರಲ್ಲಿ ನಿನ್ನ ತಪ್ಪಿಲ್ಲ ಬಾಗಿ" ಎಂದರು. ಅವಳು ನಿಲ್ಲಲಿಲ್ಲ. ಮಗು ಸತ್ತದ್ದು ತನ್ನ ಮೀನಿನಿಂದಲೇ ಇರಬೇಕೆಂದು ಅಷ್ಟರಲ್ಲಿ ಅವಳಿಗೂ ಅನ್ನಿಸಿಹೋಗಿತ್ತು.