ಫಿಟರಣ್ಣನನ್ನು ಕುರ್ಚಿಗೆ ಕೂರಿಸಿದ್ದು

ಮೊನ್ನೆ ಸೊಸೆ ಇಡ್ಲಿಗೆಂದು ಅಕ್ಕಿ ನೆನೆಹಾಕಿ, ತವರಿನವರು ಬಂದ ಗಡಿಬಿಡಿಯಲ್ಲಿ ಮರೆತೇಬಿಟ್ಟಳು. ಮರುದಿನ ಮುಚ್ಚಳ ತೆಗೆದರೆ ಹುಳಿ ನಾತ ಗಪ್ಪನೆ ಮೂಗಿಗೆ ಬಡಿಯಿತು. ಬೈಯಲು ಬಾಯಿ ತೆಗೆದವಳಿಗೆ ಹಳೆಯದೆಲ್ಲ ನೆನಪಾಯಿತು. ಕಂಪ್ಲಿಯ ಅಕ್ಕಿ ಮಿಲ್ಲು, ಅಲ್ಲಿನ ತೊಟ್ಟಿ, ಆ ಮನುಷ್ಯ…

ಆ ಮಿಲ್ಲಿನ ಕಣದಲ್ಲಿ ನಾನು ಕುದಿಸಿದ ಭತ್ತ ಒಣಗಿಸುವ ಕೆಲಸಕ್ಕಿದ್ದೆ. ಅವನು ಅಲ್ಲಿ ಫಿಟರ್. ಹೆಣ್ಣಾಳುಗಳೆಲ್ಲ ಫಿಟರಣ್ಣ ಎನ್ನುತ್ತಿದ್ದೆವು. ಮಿಷನ್ ಕೆಲಸದಲ್ಲಿ ಅವನಿಗೆ ಸರಿಸಮ ಯಾರೂ ಇರಲಿಲ್ಲ, ಅದರಲ್ಲಿ ಸುಳ್ಳು ಹೇಳುವುದೇನಿದೆ. ಕೈಯಲ್ಲಿ ಪಾನಾ ಹಿಡಿದು ಮಿಷನ್ ಕೆಳಗೆ ತೂರಿದನೆಂದರೆ ಹಾಡು ಗುನುಗುತ್ತಲೇ ನಟ್ಟು ಬಿಚ್ಚುತ್ತಿದ್ದ. ಹಳೆಯ ಮ್ಯಾನೇಜರು ಬಿಟ್ಟುಹೋದಾಗ ಸಾವ್ಕಾರರು ಇವನನ್ನೇ ಕರೆದು ಆ ಕುರ್ಚಿಯಲ್ಲಿ ಕೂರಿಸಿದರು. ಇವನು ಓಣಿಗೆಲ್ಲ ಪೇಢೆ ಹಂಚಿದ. ನಾನೂ ತಿಂದೆ.

ಕೂತನೇ? ಎಲ್ಲಿ ಕೂತ! ಇವನ ಜಾಗಕ್ಕೆ ಹೊಸ ಫಿಟರ್ ಬಂದಿದ್ದ, ಕೆಲಸ ಬಲ್ಲವನೇ. ಅವನು ಒಂದು ನಟ್ಟು ಬಿಚ್ಚಿದರೆ ಸಾಕು, ಇವನು ಆಫೀಸಿನಿಂದ ಓಡಿಬಂದು, "ಹಂಗಲ್ಲಲೇ, ಕೊಡಿಲ್ಲಿ" ಎಂದು ಪಾನಾ ಕಸಿದುಕೊಳ್ಳುತ್ತಿದ್ದ. ಹೊಸಬ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ. ಆಫೀಸಿನ ಮುಂದೆ ರೈತರು ಕಾಯುತ್ತಿದ್ದರು.

ಅದರ ಮೇಲೆ ಇನ್ನೊಂದು ಕಟ್ಟಳೆ ಮಾಡಿದ್ದ. ಯಾರೋ ಒಮ್ಮೆ ಅವಸರಕ್ಕೆ ಭತ್ತ ನೆನೆಸುವ ತೊಟ್ಟಿಯ ನೀರು ಬೇಗ ಬಿಟ್ಟರೆಂದು, ತಾನು ಹೇಳದೆ ಯಾರೂ ತೊಟ್ಟಿ ಮುಟ್ಟಕೂಡದು ಎಂದ. ಭತ್ತ ನೆನೆದಷ್ಟು ನೆನೆದ ಮೇಲೆ ತೆಗೆದು ಹಬೆಗೆ ಹಾಕಲೇಬೇಕು, ತಡವಾದರೆ ಕೊಳೆಯುತ್ತದೆ. ಇದು ಕಣ ಗುಡಿಸುವವರಿಗೂ ಗೊತ್ತು.

ಒಂದು ಬೆಳಿಗ್ಗೆ ಭತ್ತ ಮೇಲಕ್ಕೆತ್ತುವ ಎಲಿವೇಟರ್ ಕಚ್ಚಿಕೊಂಡು ನಿಂತಿತು. ಹೊಸ ಫಿಟರನನ್ನು ಪಕ್ಕಕ್ಕೆ ತಳ್ಳಿ ಇವನೇ ಕೆಳಗೆ ತೂರಿದ. ತೊಟ್ಟಿಯಲ್ಲಿ ಮೆಟ್ರಿ ಊರಿನ ರೈತನೊಬ್ಬನ ಭತ್ತ ನೆನೆದು ಮುಗಿದಿತ್ತು. ಬಾಯ್ಲರಿನವನು ಬಂದು ಕೇಳಿದ, "ಯಣ್ಣಾ, ತೊಟ್ಟಿ ಬಿಡ್ಲೇನು?"

"ತಡಿಯಲೇ, ಇದನ್ನ ಮುಗಿಸಿ ನಾನ ಬಂದು ನೋಡ್ತೀನಿ."

ಮತ್ತೆ ಬಂದ, ಮತ್ತೆ ಅದೇ ಮಾತು. ನಾನೇ ಹೋಗಿ ಕೂಗಿದೆ, ನನಗೂ ಅದೇ. ಅವನ ಮಾತು ಮೀರಿ ತೊಟ್ಟಿ ಬಿಡಲು ಯಾರಿಗೂ ಧೈರ್ಯವಿಲ್ಲ. ಮಧ್ಯಾಹ್ನ ದಾಟಿ ಎಲಿವೇಟರ್ ಓಡಿತು, ಎಷ್ಟು ಚೆಂದ ಓಡಿತು! ಇವನು ನಗುತ್ತಾ ಹೊರಗೆ ಬರುವಷ್ಟರಲ್ಲಿ ತೊಟ್ಟಿಯ ನಾತ ಕಣದ ತುಂಬ.

ಮೆಟ್ರಿಯವನು ಬಂದು ತಲೆ ತಲೆ ಬಡಿದುಕೊಂಡ. "ನಿಮ್ ಮಿಷಿನ್ ಓಡಿದ್ರ ನನಗೇನ್ರಿ! ನನ್ ನೆಲ್ಲು ನಾರಾಕತ್ತೈತಿ!"

ಸಾವ್ಕಾರರು ಎಲ್ಲರ ಎದುರೇ ಕೂಗಿದರು, "ಇನ್ನ ಮ್ಯಾಲ ನೀ ಪಾನಾ ಮುಟ್ಟಿದಿ ಅಂದ್ರ ನೋಡು! ಕುರ್ಚಿ ಬಿಟ್ಟು ಏಳಬ್ಯಾಡ!"

ಅದೇ ವಾರ ಹೊಸ ಫಿಟರ್ ಕುರೆಕುಪ್ಪದ ಕಡೆ ಬೇರೆ ಕೆಲಸ ನೋಡಿಕೊಂಡು ಹೋದ. ಸರಿ, ಜಾಗ ಖಾಲಿಯಾಯಿತಲ್ಲ ಎಂದು ನಾನು ನೆಟ್ಟಗೆ ಸಾವ್ಕಾರರ ಹತ್ತಿರ ಹೋದೆ. "ಸಾವ್ಕಾರ್ರಿ, ಅಂವಗ ಅಂವನ ಕೆಲಸ ವಾಪಸ್ ಕೊಡ್ರಿ. ಇಲ್ಲಾ, ಈ ಮ್ಯಾನೇಜರ್ ಕೆಲಸ ಹೆಂಗ ಮಾಡಬೇಕಂತ ಕುಂದ್ರಿಸಿ ಕಲಿಸ್ರಿ."

"ಕಲಿಸಾದೇನೈತಬೇ? ಅಷ್ಟ್ ದೊಡ್ ಮಿಷಿನ್ ಗೊತ್ತೈತಿ, ನಾಕ್ ಮಂದಿ ಗೊತ್ತಾಗಂಗಿಲ್ಲೇನು? ಕೊಟ್ಟ ಮರ್ಯಾದಿ ಕಸ್ಗೊಂಡ್ರ ಚಲೋ ಇರಂಗಿಲ್ಲ."

ಇದೆಂಥ ಬುದ್ಧಿ! ನಟ್ಟಿಗೆ ಮುನಿಸಿಲ್ಲ, ಮಂದಿಗೆ ಉಂಟು. ನಟ್ಟನ್ನು ನಾವೇ ತಿರುಗಿಸಬೇಕು, ಮಂದಿಗೆ ಹೇಳಿ ಬಿಟ್ಟುಬಿಡಬೇಕು. ಅವನಿಗೆ ಬಿಡುವುದೇ ಬರುತ್ತಿರಲಿಲ್ಲ, ಬರುತ್ತದೋ ಇಲ್ಲವೋ ಎಂದು ಒಬ್ಬರೂ ಕೇಳಲಿಲ್ಲ.

ಕೊನೆಗೆ ಅವನಿಗೇ ಹೇಳಿದೆ. "ಅಣ್ಣಾ, ಆ ಕುರ್ಚಿ ನಿನಗ ಬ್ಯಾಡ. ನೀನ ಬಾಯ್ಬಿಟ್ಟು ಕೇಳು, ಫಿಟರ್ ಕೆಲಸಕ್ಕ ಹೋಗು."

ಅವನು ತನ್ನ ಕೈ ನೋಡಿಕೊಂಡ. "ಮಗಳ ಲಗ್ನ ನಿಕ್ಕಿ ಆಗೈತಿ ತಂಗಿ. ಮ್ಯಾನೇಜರ್ ಮಗಳಂತ ಹೇಳೀವಿ. ಈಗ ಇಳದ್ರ ಬೀಗ್ರು ಏನಂತಾರ?"

"ಬೀಗ್ರು ಬಂದು ನಿನ್ ತೊಟ್ಟಿ ಕಾಯ್ತಾರೇನು?"

ಅವನು ಎದ್ದು ಆಫೀಸಿನೊಳಗೆ ಹೋದ.

ಲಗ್ನ ಆಯಿತು. ಅವನು ಕುರ್ಚಿಯಲ್ಲೇ ಉಳಿದ. ಮಿಷನ್ ಕೆಟ್ಟರೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ, ಹತ್ತಿರ ಬರುತ್ತಿರಲಿಲ್ಲ. ಸಿಟ್ಟು ಮಾತ್ರ ಹೆಚ್ಚಾಯಿತು, ಸುಮ್ಮಸುಮ್ಮನೆ ಆಳುಗಳ ಮೇಲೆ ಹಾರಾಡುತ್ತಿದ್ದ. ಆಮೇಲೆ ನಾನು ಮಗನ ಜೊತೆ ಹೊಸಪೇಟೆಗೆ ಬಂದೆ… ಮತ್ತೆ ನೋಡಲಿಲ್ಲ.

ನಿನ್ನೆ ಟಿ.ಬಿ. ಡ್ಯಾಂ ಬಸ್ಸಿನಲ್ಲಿ ಅವನ ಮಗಳೇ ನನ್ನ ಗುರುತು ಹಿಡಿದು ಪಕ್ಕದಲ್ಲಿ ಕೂತಳು. ಅಪ್ಪ ಹೋದ ವರ್ಷ ತೀರಿಕೊಂಡ ಎಂದಳು. ಮಿಷನ್ ಕೆಲಸ ಏನಾದರೂ ಮಾಡುತ್ತಿದ್ದನೇ ಎಂದು ಕೇಳಿದೆ.

"ಎಲ್ಲೀದ್ ಅತ್ತಿ? ಮನ್ಯಾಗ ಫ್ಯಾನ್ ಕೆಟ್ರೂ ಮಂದೀನ ಕರಸ್ತಿದ್ದ. ಅವ್ರು ರಿಪೇರಿ ಮಾಡಾದನ್ನ ಕುಂತು ನೋಡ್ತಿದ್ದ."

ಅವಳ ಸ್ಟಾಪು ಬಂತು, ಇಳಿದು ಹೋದಳು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಸಿಟ್ಟು ಬಂತು. ಹೋಗಿ ಬೈದು ಬರೋಣವೆಂದರೆ ಸಾವ್ಕಾರರೂ ಇಲ್ಲ, ಅವನೂ ಇಲ್ಲ.