ಹಿಡಿದುಕೊಂಡ ಭುಜಕ್ಕೆ ಬೋಣಿ

ಸೀರೆ ಮಾರುವವರಿಗೆ ನಾಲಿಗೆ ಎಷ್ಟು ಮುಖ್ಯವೋ ಬಲಗೈಯೂ ಅಷ್ಟೇ ಮುಖ್ಯ. ಮೇಲಿನ ರ‍್ಯಾಕಿನಿಂದ ಸೀರೆ ಎಳೆಯಬೇಕು, ಒಂದೇ ಬೀಸಿಗೆ ಮಡಿಕೆ ಬಿಚ್ಚಬೇಕು, ಸೆರಗನ್ನು ನಮ್ಮ ಹೆಗಲಿಗೇ ಹಾಕಿಕೊಂಡು ತೋರಿಸಬೇಕು. ಮಡಿಸಿಟ್ಟ ಸೀರೆಯನ್ನು ಯಾರೂ ಕೊಳ್ಳುವುದಿಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಬ್ಲೌಸ್ ಪೀಸ್ ಹರಡಿಕೊಂಡು ಕೂತಿದ್ದ ನನ್ನನ್ನು ಶಟರ್ ಇರುವ ಪುಟ್ಟ ಅಂಗಡಿಯವರೆಗೆ ತಂದದ್ದು ಆ ಕೈ. ಕಳೆದ ವರ್ಷ ಬೇಸಿಗೆಯ ಕೊನೆಯಲ್ಲಿ ಅದರ ಭುಜ ಹಿಡಿದುಕೊಂಡಿತು.

ಮೊದಮೊದಲು ಮಲಗಿದ ಮಗ್ಗುಲು ಸರಿಯಿಲ್ಲ ಎಂದುಕೊಂಡೆ. ಆಮೇಲೆ ತಲೆ ಬಾಚಿಕೊಳ್ಳಲೂ ಆಗಲಿಲ್ಲ. ನಮ್ಮ ಯಜಮಾನರು ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಸ್ಟೇರಿಂಗ್ ಹಿಡಿದ ಕೈಯಲ್ಲೇ ನನ್ನ ಜಡೆ ಹಿಡಿದರು. "ಅಲ್ಲಾಡ್ಬೇಡ ಕಣೇ, ಟರ್ನಿಂಗ್‌ನಲ್ಲಿದೀನಿ" ಎನ್ನುತ್ತಿದ್ದರು.

ಜೆ.ಪಿ. ನಗರದ ಡಾಕ್ಟರು ಫ್ರೋಜನ್ ಶೋಲ್ಡರ್ ಎಂದು ಹೇಳಿ, ಫಿಸಿಯೋಥೆರಪಿ ಮಾಡುವ ಹುಡುಗಿಯ ಹತ್ತಿರ ಕಳಿಸಿದರು. ಅವಳು ನನ್ನನ್ನು ಗೋಡೆಯ ಮುಂದೆ ನಿಲ್ಲಿಸಿ, ಬೆರಳುಗಳನ್ನು ಇರುವೆಯ ಹಾಗೆ ಮೇಲಕ್ಕೆ ಹತ್ತಿಸಲು ಕಲಿಸಿದಳು.

"ದಿನಾ ಮೂರು ಹೊತ್ತು ಆಂಟಿ, ಹತ್ತತ್ತು ಸಲ."

"ಹತ್ತು ಜಾಸ್ತಿ ಆಯ್ತಮ್ಮ. ಎರಡು ಹೊತ್ತು, ಆರಾರು ಸಲ. ಫೈನಲ್."

"ಆಂಟಿ, ಇದೇನು ಬ್ಲೌಸ್ ಪೀಸಾ?" ಎಂದು ನಕ್ಕಳು. ಆಮೇಲೆ ಗಂಭೀರವಾಗಿ, "ಬಿಟ್ರೆ ಹೀಗೇ ಗಟ್ಟಿಯಾಗಿ ಕೂತ್ಬಿಡುತ್ತೆ. ಮತ್ತೆ ಬಿಡಿಸೋದು ತುಂಬಾ ಕಷ್ಟ" ಎಂದಳು.

ಕೊನೆಗೆ ಎರಡು ಹೊತ್ತು, ಎಂಟೆಂಟು ಸಲಕ್ಕೆ ಇಳಿಸಿದೆ. ಗೆದ್ದ ಖುಷಿಯಲ್ಲಿ ಬನಶಂಕರಿಯ ಮನೆಗೆ ಬಂದವಳು ವಾರವಿಡೀ ಒಂದು ಸಲವೂ ಮಾಡಲಿಲ್ಲ.

ಅಮಾವಾಸ್ಯೆ ಕಳೆಯಲಿ ಎಂದೆ. ಸೋಮವಾರದಿಂದ ಎಂದೆ. ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಯಾರಾದರೂ ಹೊಸದಾಗಿ ಏನನ್ನಾದರೂ ಶುರು ಮಾಡುತ್ತಾರೆಯೇ? ಯಾವತ್ತಾದರೂ ಒಂದು ದಿನ ಗೋಡೆಯ ಮುಂದೆ ನಿಂತರೆ ಬೆರಳುಗಳು ಸ್ವಿಚ್‌ಬೋರ್ಡಿನ ತನಕ ಹತ್ತಿ ನಿಲ್ಲುತ್ತಿದ್ದವು. "ಥೂ ದಂಡಪಿಂಡ, ಇಷ್ಟೂ ಆಗಲ್ವಾ? ಮೂರು ವಾರ ಹಾಳು ಮಾಡ್ಕೊಂಡ್ಯಲ್ಲೇ ಸೋಂಬೇರಿ" ಎಂದು ನನಗೆ ನಾನೇ ಉಗಿದುಕೊಳ್ಳುತ್ತಿದ್ದೆ. ಮತ್ತೆ ಎರಡು ದಿನ ಆ ಗೋಡೆಯ ಕಡೆ ತಲೆ ಹಾಕುತ್ತಿರಲಿಲ್ಲ.

ವರಮಹಾಲಕ್ಷ್ಮಿ ಹಬ್ಬ ಹತ್ತಿರವಾಗುತ್ತಿತ್ತು. ನಮ್ಮಂಥ ಅಂಗಡಿಗಳಿಗೆ ಆ ಒಂದು ವಾರ ನಿಭಾಯಿಸಿದರೆ ವರ್ಷವೆಲ್ಲ ಉಸಿರು. ಆ ವಾರ ಸೆರಗು ಹಾಕಿ ತೋರಿಸಲಾಗದಿದ್ದರೆ ನನ್ನ ಗಿರಾಕಿಗಳು ಪಕ್ಕದ ಅಂಗಡಿಯ ಮೆಟ್ಟಿಲು ಹತ್ತುವುದು ಖಂಡಿತ. ಹೆದರಿಕೆ ಹೆಚ್ಚಿದಷ್ಟೂ ನನ್ನ ಬೈಗುಳ ಹೆಚ್ಚಿತು. ಕೈ ಮಾತ್ರ ಏಳಲಿಲ್ಲ.

ಒಂದು ಬೆಳಿಗ್ಗೆ ಯಜಮಾನರು ಅಂಗಡಿಗೆ ತಿಂಡಿ ತಂದಿದ್ದರು. ಆಗಷ್ಟೇ ಶಟರ್ ಎತ್ತಿಸಿದ್ದೆ. ದಿನದ ಮೊದಲ ಗಿರಾಕಿಯಾಗಿ ಒಬ್ಬ ಕಾಲೇಜು ಹುಡುಗಿ ಬಂದಳು. ಅರ್ಧ ಗಂಟೆ ಎಲ್ಲವನ್ನೂ ಬಿಚ್ಚಿಸಿ, ಕೊನೆಗೆ ಸೀರೆಯ ಅಂಚಿಗೆ ಹೊಲಿಯುವ ಫಾಲ್ಸ್ ಒಂದನ್ನು ಆರಿಸಿ, ಅದಕ್ಕೂ ಚೌಕಾಸಿಗೆ ನಿಂತಳು. ಬೇರೆ ಹೊತ್ತಾಗಿದ್ದರೆ ನಾನು ಬಿಡುವವಳಲ್ಲ. ಆದರೆ ದಿನದ ಮೊದಲ ವ್ಯಾಪಾರವೆಂದರೆ ಬೋಣಿ. ಬೋಣಿಯ ಗಿರಾಕಿಯನ್ನು ಬರಿಗೈಲಿ ಕಳಿಸಬಾರದು, ಅವರ ಮೇಲೆ ದನಿ ಎತ್ತಬಾರದು. "ತಗೋಮ್ಮ, ನಿಂದೇ ಬೋಣಿ" ಎಂದು ಅವಳು ಕೊಟ್ಟಷ್ಟನ್ನು ಕಣ್ಣಿಗೊತ್ತಿಕೊಂಡೆ.

ಹುಡುಗಿ ಹೋದಮೇಲೆ ಯಜಮಾನರು ಮೀಸೆಯಲ್ಲೇ ನಗುತ್ತಿದ್ದರು. "ಅಷ್ಟು ಪ್ರಾಣ ತಿಂದು ಒಂದು ಫಾಲ್ಸ್ ತಗೊಂಡ್ಳು. ಅವಳಿಗೆ ಏನ್ ಮರ್ಯಾದೆ!"

"ಬೋಣಿ ಅಲ್ವೇನ್ರೀ?"

"ಬೆಳಿಗ್ಗೆ ನಿನ್ನ ಕೈ ಸ್ವಿಚ್‌ಬೋರ್ಡ್ ತನಕ ಹೋಯ್ತಲ್ಲ, ಅದೂ ಬೋಣೀನೇ ತಾನೇ? ಅದನ್ಯಾಕೆ ದಂಡಪಿಂಡ ಅಂದೆ?"

"ಬಸ್ ಓಡಿಸ್ದೋರಿಗೆ ವ್ಯಾಪಾರ ಏನ್ ಗೊತ್ತು, ಇಡ್ಲಿ ಕೊಡಿ ಇಲ್ಲಿ" ಎಂದು ಬಾಯಿ ಮುಚ್ಚಿಸಿದೆ. ಆದರೆ ಮಾತು ಒಳಗೆ ಹೋಗಿ ಕೂತಿತ್ತು. ಇಷ್ಟು ವರ್ಷದಲ್ಲಿ ಕಡಿಮೆ ಕೊಂಡರೆಂದು ಒಬ್ಬ ಗಿರಾಕಿಗೂ ನಾನು ಬೈದವಳಲ್ಲ. ಸೊಪ್ಪು ಕೊಳ್ಳುವಾಗಲೂ "ಬಾಡಿದೆ" ಎಂದು ಮೂಗು ಮುರಿಯುವುದಿಲ್ಲ. ಮಾಲನ್ನು ಹೀಗಳೆದರೆ ಮಾರುವವರ ಮುಖ ಬಿಗಿಯುತ್ತದೆ, ಬೆಲೆ ಇಳಿಯುವುದಿಲ್ಲ. ಊರಿಗೆಲ್ಲ ಇಷ್ಟು ನಯವಾಗಿ ಮಾತಾಡುವವಳು ನನ್ನ ಕೈಯೊಂದಕ್ಕೆ ಮಾತ್ರ ದಿನಾ ಮಂಗಳಾರತಿ ಎತ್ತುತ್ತಿದ್ದೆ. ಬೈಸಿಕೊಂಡ ಅಂಗಡಿಗೆ ಯಾವ ಗಿರಾಕಿ ಮತ್ತೆ ಬರುತ್ತಾಳೆ?

ಮರುದಿನ ಕಾಫಿಗೆ ಮೊದಲೇ ಗೋಡೆಯ ಮುಂದೆ ನಿಂತೆ. ನಾಚಿಕೆಯಾಯಿತು. ಆದರೂ ಮೆಲ್ಲಗೆ ಹೇಳಿದೆ: "ಬಾಮ್ಮ, ನಿಂದೇ ಬೋಣಿ. ಎಷ್ಟಾಗುತ್ತೋ ಅಷ್ಟು ಕೊಡು."

"ಯಾರ್ ಜೊತೆ ಮಾತು?" ಎಂದರು ಯಜಮಾನರು ಅಡುಗೆಮನೆಯಿಂದ.

"ಗಿರಾಕಿ ಜೊತೆ. ನೀವು ಹಾಲು ಉಕ್ಕದ ಹಾಗೆ ನೋಡ್ಕೊಳ್ಳಿ."

ಒಂದೇ ಒಂದು ಸಲ ಹತ್ತಿಸಿದೆ, ಸ್ವಿಚ್‌ಬೋರ್ಡಿನವರೆಗೆ. ಬೆರಳುಗಳನ್ನು ಕಣ್ಣಿಗೊತ್ತಿಕೊಂಡೆ. ಎರಡನೆಯದನ್ನು ಕೇಳಲಿಲ್ಲ. ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ನಾನಾಗಿಯೇ ಇನ್ನೊಮ್ಮೆ ಮಾಡಬೇಕೆನಿಸಿತು. ವಾರ ಕಳೆಯುವ ಹೊತ್ತಿಗೆ ಎಂಟು ಯಾವಾಗ ದಾಟಿತೆಂದು ಲೆಕ್ಕವೇ ಇಡಲಿಲ್ಲ.

ಕೆಲಸವನ್ನು ನಾಳೆಗೆ ತಳ್ಳುವವರಿಗೆ, ಅವರು ಕೇಳದಿದ್ದರೂ, ಒಂದು ಮಾತು ಹೇಳುತ್ತೇನೆ, ನನ್ನ ಸ್ವಭಾವವೇ ಅದು. ತನ್ನ ಹತ್ತಿರ ತಾನು ಮೆತ್ತಗೆ ಮಾತಾಡಿದರೆ ಮೈಗಳ್ಳತನ ಬರುತ್ತದೆಂದು ನಾನೂ ನಂಬಿದ್ದೆ. ಹಾಗೇನಿಲ್ಲ. ನಯವಾಗಿ ಮಾತಾಡುವುದೆಂದರೆ ಮಾಲನ್ನು ಪುಕ್ಕಟೆ ಕೊಡುವುದಲ್ಲ. ದಿನಾ ಕೆಲಸ ಕೇಳಿ. ಮೊದಲನೆಯದು ಎಷ್ಟೇ ಸಣ್ಣದಾಗಿ ಬಂದರೂ ಮುಖ ಸಿಂಡರಿಸದೆ ಇಟ್ಟುಕೊಳ್ಳಿ, ಅಷ್ಟೇ.

ಹಬ್ಬದ ವಾರ ಅತ್ತೆ ಸೊಸೆ ಇಬ್ಬರು ಬಂದು ಗಿಣಿಹಸಿರು ಸೀರೆಗೆ ಬೆರಳು ಮಾಡಿ, "ಸೆರಗು ಹಾಕ್ಕೊಂಡು ತೋರ್ಸಿ ಆಂಟಿ" ಎಂದರು. ಯೋಚಿಸುವ ಮೊದಲೇ ಕೈ ಎದ್ದಿತ್ತು, ಸೆರಗು ಹೆಗಲ ಮೇಲಿತ್ತು. ಅತ್ತೆ ಬಣ್ಣ ನೋಡುತ್ತಿದ್ದರು, ಸೊಸೆ ಅಂಚು ನೋಡುತ್ತಿದ್ದಳು. ನಾನು ಕನ್ನಡಿಯಲ್ಲಿ ನನ್ನ ಭುಜ ನೋಡುತ್ತಿದ್ದೆ. ಮೇಲಿನ ರ‍್ಯಾಕು ಮಾತ್ರ ಎಟುಕಲಿಲ್ಲ. ಅದಕ್ಕೆ ಯಜಮಾನರನ್ನು ಸ್ಟೂಲ್ ಹತ್ತಿಸಿದೆ.

ಆ ಗದ್ದಲದಲ್ಲಿ ನಾಲ್ಕು ದಿನ ಗೋಡೆಯ ಹತ್ತಿರ ಹೋಗಲಾಗಲಿಲ್ಲ. ಹಬ್ಬ ಮುಗಿದ ಬೆಳಿಗ್ಗೆ ನಿಂತರೆ ಭುಜ ಮತ್ತೆ ಬಿಗಿದಿತ್ತು. ಹಿಂದಿನ ವಾರ ಮುಟ್ಟಿದ ಎತ್ತರಕ್ಕಿಂತ ಗೇಣು ಕೆಳಗೇ ಬೆರಳುಗಳು ಸೋತವು. "ಥೂ" ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಪಾಪ, ನಾಲ್ಕು ದಿನ ನಂಗೋಸ್ಕರಾನೇ ದುಡಿದಿದೀಯ" ಎಂದೆ. "ಇವತ್ತು ಎಷ್ಟಾದ್ರೂ ಸರಿ."

ಬೆರಳುಗಳು ಹೊರಟವು, ನೋವು ಬಂದಲ್ಲಿ ನಿಂತವು. ಯೋಚನೆ ಮಾಡುತ್ತಿರುವ ಗಿರಾಕಿಯನ್ನು ಅವಸರ ಮಾಡಬಾರದು. ಗೋಡೆಗೆ ಕೈಯಾನಿಸಿಕೊಂಡು ಕಾದೆ. ಒಂದೆರಡು ಉಸಿರಾದ ಮೇಲೆ ಕೈ ಇನ್ನೊಂದು ಬೆರಳಷ್ಟು ಮೇಲೆ ಹೋಯಿತು.