ಹೊಕ್ಕಳ ಮೇಲಿನ ವಿಭೂತಿ

ಅಕ್ಕನ ಕೂಸಿಗೆ ಹೆಸರಿಡುವ ದಿನ ನಮ್ಮ ಪಡಸಾಲೆಯಲ್ಲಿ ಅಜ್ಜಿ, ಅವ್ವ, ಚಿಕ್ಕಪ್ಪ, ಅಕ್ಕನ ಅತ್ತೆ, ಓಣಿಯ ಹತ್ತು ಹನ್ನೆರಡು ಹೆಂಗಸರು ತುಂಬಿದ್ದರು. ಹೆರಿಗೆ ವಾರ್ಡಿನ ನರ್ಸ್ ಸಿಸ್ಟರಮ್ಮ ಒಬ್ಬರೇ ಹೊರಗಿನ ಕಟ್ಟೆಯ ಮೇಲೆ. ಸೋಪಿನಲ್ಲಿ, ಔಷಧಿ ನೀರಿನಲ್ಲಿ ತೊಳೆದು ತೊಳೆದು ಬೆರಳ ತುದಿಯ ಚರ್ಮ ಬಿಳಿಚಿ ಸೀಳು ಬಿಟ್ಟ ಕೈ ಅವರದು; ಉಗುರನ್ನು ಬುಡದ ತನಕ ಕತ್ತರಿಸಿದ ಕೈ. ಆ ಕೈಗೆ ನಮ್ಮ ಮನೆಯವರು ಪೇಪರ್ ತಟ್ಟೆ ಕೊಟ್ಟಿದ್ದರು. ಒಳಗೆ ಕೂತವರಿಗೆಲ್ಲ ಬಾಳೆಲೆ.

ಹದಿಮೂರು ದಿನದ ಹಿಂದೆ ಅದೇ ಕೈ ನಮ್ಮ ಅಕ್ಕನನ್ನು ಉಳಿಸಿತ್ತು. ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲ. ಡಾಕ್ಟರು ಶಿವಮೊಗ್ಗಕ್ಕೆ ಒಯ್ಯಿರಿ ಎಂದರು. ದಾರಿಯುದ್ದಕ್ಕೂ ಸಿಸ್ಟರಮ್ಮ ಆಂಬುಲೆನ್ಸಿನ ನೆಲದ ಮೇಲೆ ಮಂಡಿಯೂರಿ ಅಕ್ಕನ ಹೊಟ್ಟೆಯನ್ನು ಒತ್ತಿ ಹಿಡಿದಿದ್ದರು. ನಾನು ಡ್ರಿಪ್ಪಿನ ಬಾಟಲಿ ಎತ್ತಿ ಹಿಡಿದು ಎದುರಿಗಿದ್ದೆ. ರಸ್ತೆ ಉಬ್ಬಿನಲ್ಲಿ ಗಾಡಿ ಎಗರಿದಾಗ ಅವರ ತಲೆ ಕಂಬಿಗೆ ಬಡಿಯಿತು, ಕೈ ಮಾತ್ರ ಕದಲಲಿಲ್ಲ. "ಕೈ ತೆಗೆದ್ರೆ ಹೋಗ್ತಾಳೆ" ಎಂದರು, ಅಷ್ಟೇ. ಪಿಯುಸಿ ಮುಗಿಸಿ ಮುಂದೇನು ಎಂದು ತಿಳಿಯದೆ ಕೂತಿದ್ದ ನಾನು ಆ ಗಾಡಿಯಲ್ಲೇ ನರ್ಸಿಂಗ್ ಓದುತ್ತೇನೆಂದು ಅಂದುಕೊಂಡೆ.

ಮನೆಯಲ್ಲಿ ಹೇಳಿದರೆ ಅವ್ವ ಒಲೆಯ ಮುಂದಿನಿಂದಲೇ, "ಕಂಡೋರ ಹೇಲು ಉಚ್ಚೆ ಬಳಿಯಾಕೆ ನಿನ್ನ ಇಷ್ಟು ಓದಿಸಿದ್ವೇನು?" ಎಂದಳು. ಚಿಕ್ಕಪ್ಪನ ಲೆಕ್ಕ ಬೇರೆ. ದುಬೈಗೆ ಹೋಗುವುದಾದರೆ ಓದಬಹುದು, ಇಲ್ಲೇ ಇರುವುದಾದರೆ ಗಂಡು ಸಿಗುವುದಿಲ್ಲ.

ಸಿಸ್ಟರಮ್ಮನದು ನಮ್ಮ ಭಾಗದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಬಹಳ ವರ್ಷದ ಕೆಲಸ. ಮೃದು ಮಾತಿನ ಹೆಂಗಸಲ್ಲ. ಚೀಲದಲ್ಲಿ ಸದಾ ಒಂದು ನೇಲ್ ಕಟರ್ ಇಟ್ಟುಕೊಂಡಿರುತ್ತಿದ್ದರು. ಕೂಸು ನೋಡಲು ಬಂದ ಅಜ್ಜಿಯರನ್ನು ವಾರ್ಡಿನ ಬಾಗಿಲಲ್ಲೇ ಹಿಡಿದು ಕೂರಿಸಿ, ಹತ್ತೂ ಬೆರಳಿನ ಉಗುರು ತೆಗೆದು, ಕೈ ತೊಳೆಸಿ ಒಳಗೆ ಬಿಡುತ್ತಿದ್ದರು. ಊರ ಗೌಡರ ತಾಯಿಯನ್ನೂ ಬಿಟ್ಟವರಲ್ಲ. "ನೇಗಿಲು ಇದ್ದಂಗೆ ಐತೆ ಉಗುರು, ಕೂಸಿನ ಮೈ ಉಳ್ತೀಯೇನಜ್ಜಿ?" ಎಂದರೆ ವಾರ್ಡೆಲ್ಲ ನಗುತ್ತಿತ್ತು, ಆ ಅಜ್ಜಿಯೊಬ್ಬಳನ್ನು ಬಿಟ್ಟು. ನಮ್ಮ ಸೀಮೆಯಲ್ಲಿ ಎಷ್ಟು ಮಕ್ಕಳು ಆ ಕೈಗೆ ಬಿದ್ದವೋ! ಆದರೂ ಅವರು ಯಾವ ಕೇರಿಯವರೆಂದು ಮೊದಲೇ ವಿಚಾರಿಸಿ ತಿಳಿದುಕೊಂಡಿದ್ದರು ನಮ್ಮ ಜನ. ಹಾಗಾಗಿ ಕಟ್ಟೆ, ಹಾಗಾಗಿ ಪೇಪರ್ ತಟ್ಟೆ.

ತೊಟ್ಟಿಲಿಗೆ ಹಾಕುವ ಹೊತ್ತಿಗೆ ಕೂಸು ಒಂದೇ ಸಮನೆ ಅಳತೊಡಗಿತು. ಮೊಲೆ ಕೊಟ್ಟರೂ ಬಾಯಿ ಹಾಕಲಿಲ್ಲ, ಮೈ ಕಾದಿತ್ತು. ಸಿಸ್ಟರಮ್ಮನಿಗೆ ತೋರಿಸು ಎಂದು ಅಕ್ಕ ಕೂಸನ್ನು ನನ್ನ ಕೈಗಿಟ್ಟಳು. ಅವರು ತಟ್ಟೆ ಪಕ್ಕಕ್ಕಿಟ್ಟು, ಕೈ ತೊಳೆದು, ಬಟ್ಟೆ ಬಿಚ್ಚಿದರು. ಹೊಕ್ಕಳ ಮೇಲೆ ಒಂದು ಬೆರಳು ದಪ್ಪ ವಿಭೂತಿ. ದೇವರ ಜಗಲಿಯ ಮೇಲಿನ ವಿಭೂತಿ ಗಟ್ಟಿಯನ್ನು ತೇದು ಅಜ್ಜಿ ದಿನವೂ ಕೂಸಿಗೆ ನೀರೆರೆದ ಮೇಲೆ ಹಚ್ಚುತ್ತಿದ್ದಳು. ಒದ್ದೆ ಹತ್ತಿಯಲ್ಲಿ ಒರೆಸಿದರೆ ಅಡಿಯಲ್ಲಿ ಕೀವು.

ಸಿಸ್ಟರಮ್ಮ ಚಪ್ಪಲಿ ಬಿಟ್ಟು, ಕೂಸನ್ನು ಎತ್ತಿಕೊಂಡು, ಹೊಸ್ತಿಲು ದಾಟಿ ಸೀದಾ ಪಡಸಾಲೆಗೆ ಬಂದರು.

"ಯಾರ್ರೀ ಇದನ್ನ ಹಚ್ಚಿದ್ದು?"

"ದೇವರ ವಿಭೂತಿ ಅದು" ಎಂದಳು ಅಜ್ಜಿ. "ನನ್ನ ಆರು ಮಕ್ಕಳಿಗೂ ಹಚ್ಚೀನಿ."

"ಎಷ್ಟು ಉಳಿದಾವೆ?"

ಆರರಲ್ಲಿ ಉಳಿದವರು ಮೂವರು.

"ದೇವರನ್ನ ಹಣೆ ಮೇಲೆ ಇಟ್ಕೊಳ್ರಿ. ಹಸಿ ಗಾಯದಾಗೆ ಯಾಕೆ ತುಂಬ್ತೀರಿ? ಆಟೋ ಕರೀರಿ ಈಗ."

ಐದು ದಿನ ಆಸ್ಪತ್ರೆಯಲ್ಲಿಟ್ಟು ಇಂಜೆಕ್ಷನ್ ಕೊಟ್ಟ ಮೇಲೆ ಕೂಸು ಉಳಿಯಿತು. ಇವತ್ತು ಶಾಲೆಗೆ ಹೋಗುತ್ತದೆ, ನನ್ನ ಜೊತೆ ಜಗಳ ಆಡುತ್ತದೆ.

ಆ ಐದು ದಿನ ನಮ್ಮ ಮನೆಯಲ್ಲಿ ಕೂಸಿನ ಮಾತಿಗಿಂತ ಹೆಚ್ಚಾಗಿ ನಡೆದದ್ದು, ಆಕೆ ಒಳಗೆ ಬಂದಳು ಎಂಬ ಮಾತು. ಪಡಸಾಲೆ ತೊಳೆಸಿದರು. ನೆನೆಸಿಕೊಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಆಮೇಲೆ ಸಿಸ್ಟರಮ್ಮನ ಮೇಲೆ ಆರೋಗ್ಯ ಇಲಾಖೆಗೆ ದೂರು ಕೊಡುವುದೆಂದು ತೀರ್ಮಾನಿಸಿದರು. ಒಳಗೆ ಬಂದದ್ದು ತಪ್ಪು ಎಂದು ಬರೆದರೆ ಪೊಲೀಸರು ತಮ್ಮನ್ನೇ ಹಿಡಿಯುತ್ತಾರೆ ಎಂಬುದು ಚಿಕ್ಕಪ್ಪನಿಗೆ ಗೊತ್ತಿತ್ತು. ಅದಕ್ಕೇ ದೂರಿನಲ್ಲಿ ದೇವರನ್ನು ತಂದ. ವಿಭೂತಿಯನ್ನು ನಿಂದಿಸಿದರು, ಹಿರಿಯರಿಗೆ ಅವಾಚ್ಯವಾಗಿ ಬೈದರು ಎಂದು ಬರೆಯಬೇಕಿತ್ತು. ಮನೆಯಲ್ಲಿ ಅಕ್ಷರ ದುಂಡಗಿದ್ದದ್ದು ನನ್ನದು. ಬರಿ ಎಂದರು.

ಬರೆದೆ. ಯಾರೂ ಹೊಡೆಯಲಿಲ್ಲ, ಹೆದರಿಸಲಿಲ್ಲ. ಚಿಕ್ಕಪ್ಪ ಹೇಳುತ್ತ ಹೋದ, ನಾನು ಒಂದಕ್ಷರ ತಪ್ಪಿಲ್ಲದೆ ಬರೆಯುತ್ತ ಹೋದೆ. ಮನೆಯವರ ಮೇಲಿನ ನನ್ನ ಸಿಟ್ಟು ಒಂದು ಪಾಲಾದರೆ ನನ್ನ ಮೇಲಿನದು ಮೂರು ಪಾಲು.

ತಿಂಗಳೊಳಗೆ ಸಿಸ್ಟರಮ್ಮನನ್ನು ಜಗಳೂರಿನ ಆಚೆಯ ಒಂದು ಹಳ್ಳಿಗೆ ವರ್ಗ ಮಾಡಿದರು. ಹಾಸಿಗೆ ಹಿಡಿದ ಅವರ ತಾಯಿ ಇದ್ದದ್ದು ಚನ್ನಗಿರಿ ಕಡೆಯ ತಮ್ಮನ ಮನೆಯಲ್ಲಿ. ವಾರಕ್ಕೆರಡು ಸಲ ನೋಡಿ ಬರುತ್ತಿದ್ದವರು ತಿಂಗಳಿಗೊಮ್ಮೆ ನೋಡುವಂತಾಯಿತು.

ನರ್ಸಿಂಗ್ ಅರ್ಜಿಗೆ ನಾಲ್ಕು ದಿನ ಉಳಿದಿತ್ತು. ತುಂಬಲು ಕೂತರೆ ಕೈ ಬರಲಿಲ್ಲ. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ದಾವಣಗೆರೆಯಲ್ಲಿ ಬದಲಿಸಿ, ಜಗಳೂರಿಗೆ ಹೋಗಿ, ಅಲ್ಲಿಂದ ಕುರಿಮಂದೆಗಳಿಗೆ ದಾರಿ ಬಿಡುತ್ತ ಸಾಗಿದ ಟೆಂಪೋದಲ್ಲಿ ಆ ಹಳ್ಳಿ ತಲುಪಿದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಸಿಸ್ಟರಮ್ಮ ಒಬ್ಬ ಮುದುಕಿಯ ಉಗುರು ಕತ್ತರಿಸುತ್ತಿದ್ದರು. ನನ್ನನ್ನು ನೋಡಿದರು, ಕತ್ತರಿಸುವುದು ನಿಲ್ಲಿಸಲಿಲ್ಲ.

"ಅಕ್ಷರ ಚೆಂದ ಐತೆ ನಿಂದು. ಆಫೀಸಿನಾಗೆ ದೂರು ತೋರಿಸಿದ್ರು, ನಿಮ್ಮಕ್ಕನ ಫಾರಂ ತುಂಬಿದ ಕೈ ಅಂತ ಗುರುತು ಸಿಕ್ತು."

ನಾನು ಎದುರಿಗೆ ನಿಂತು ಅತ್ತುಬಿಟ್ಟೆ. ಕೂರು ಎನ್ನಲಿಲ್ಲ. ಅರ್ಜಿ ನೋಡಿ, ಯಾಕೆ ನರ್ಸ್ ಆಗಬೇಕು ಎಂದು ಕೇಳಿದರು. ಜನರ ಸೇವೆ ಮಾಡಲು ಎಂದೆ. ಸಿಟ್ಟು ನೆತ್ತಿಗೇರಿತು ಅವರಿಗೆ.

"ಸೇವೆ ಗೀವೆ ಅನ್ನಬ್ಯಾಡ. ಸೇವೆ ಮಾಡೋಳಿಗೆ ಕಟ್ಟೆ ಮೇಲೆ ಉಣ್ಣಾಕೆ ಹಾಕ್ತಾರೆ. ಕೆಲಸ ಅನ್ನು. ಓದಿ ಕಲಿಯೋ ಕೆಲಸ ಇದು."

ಕಟ್ಟೆಯ ಮೇಲೆ ಕೂರಿಸಿದ್ದಕ್ಕೆ ಆವತ್ತು ಯಾಕೆ ಸುಮ್ಮನಿದ್ದಿರಿ ಎಂದು ಕೇಳಿಯೇಬಿಟ್ಟೆ.

"ಸಿಟ್ಟು ಬಂದಿಲ್ಲ ಅಂದ್ಕೊಂಡಿಯೇನೆ? ಈಗಲೂ ಐತೆ. ಹೋಗಲ್ಲ ಅದು." ನೇಲ್ ಕಟರ್ ಮಡಚಿದರು. "ಕೂಸಿನ ಹೊಕ್ಕಳ ನೋಡಿದಾಗ ನಿಂಗೆ ಏನನ್ನಿಸ್ತು?"

"ಸಿಟ್ಟು ಬಂತು."

"ಬಾಯಿ ಬಿಟ್ಟಿಯೇನು?"

"ಇಲ್ಲ."

"ಒರೆಸಾಕೆ, ಬಳಿಯಾಕೆ, ಸೂಜಿ ಹಾಕಾಕೆ ಯಾರಿಗಾದ್ರೂ ಕಲಿಸಬಹುದು. ವಾಸನೆ ಎಂಟು ದಿನಕ್ಕೆ ರೂಢಿ ಆಗ್ತದೆ. ಮನೇರು, ದೊಡ್ಡೋರು, ಡಾಕ್ಟರ್ರು ಎಲ್ಲ ನಿಂತಿರೋವಾಗ 'ಇದು ತಪ್ಪು' ಅಂತ ಹೇಳಾಕೆ ನಿನ್ನ ಕೈಲಿ ಆಗ್ತದೇನು? ಆಗ್ತದೆ ಅನ್ನೋದಾದ್ರೆ ಅರ್ಜಿ ತುಂಬು. ಇಲ್ಲಾಂದ್ರೆ ಬ್ಯಾಡವ್ವ, ಬ್ಯಾರೆ ಏನಾದ್ರೂ ಓದು. ನೀನು ಬಾಯಿ ಮುಚ್ಕೊಂಡು ನಿಂತ್ರೆ ಯಾರದೋ ಕೂಸು ಹೋಗ್ತದೆ."

ವಾಪಸು ಬರುವಾಗ ದಾವಣಗೆರೆಯಲ್ಲಿ ಇಳಿದು, ಆರೋಗ್ಯ ಇಲಾಖೆಯ ಕಚೇರಿಯ ಮುಂದಿನ ಬೆಂಚಿನ ಮೇಲೆ ಕೂತು ಇನ್ನೊಂದು ಕಾಗದ ಬರೆದೆ. ಮೊದಲಿನದು ಸುಳ್ಳು, ಬರೆದವಳು ನಾನೇ, ನಡೆದದ್ದು ಇದು ಎಂದು ಬರೆದು, ಪೇಪರ್ ತಟ್ಟೆಯನ್ನೂ ತೊಳೆಸಿದ ಪಡಸಾಲೆಯನ್ನೂ ಸೇರಿಸಿ ಕೊಟ್ಟೆ. ಮನೆಗೆ ಬಂದು ಎಲ್ಲರೂ ಉಣ್ಣಲು ಕೂತಾಗ ಗಟ್ಟಿಯಾಗಿ ಹೇಳಿದೆ. ಚಿಕ್ಕಪ್ಪ ತಟ್ಟೆ ಬಿಟ್ಟು ಎದ್ದ. ಇವತ್ತಿಗೂ ನನ್ನ ಜೊತೆ ಮಾತಿಲ್ಲ. ಅಜ್ಜಿ ಮಾತ್ರ, ಹೋದ ಆ ಮೂರು ಮಕ್ಕಳಿಗೂ ಹೀಗೇ ಮೈ ಕಾದಿತ್ತು ಎಂದಳು. ಮರುದಿನ ಅರ್ಜಿ ತುಂಬಿದೆ. ಸಿಸ್ಟರಮ್ಮನ ವರ್ಗ ರದ್ದಾಗಲಿಲ್ಲ. ನಿವೃತ್ತಿಯ ತನಕ ಅಲ್ಲೇ ಇದ್ದರು.

ನಾನು ನರ್ಸ್ ಆಗಿ ಆರು ವರ್ಷವಾಯಿತು. ಹೋದ ವರ್ಷ ಸಿಸ್ಟರಮ್ಮ ಚನ್ನಗಿರಿ ಕಡೆಯ ತಮ್ಮನ ಮನೆಯಲ್ಲಿ ತೀರಿಕೊಂಡರು. ಸುದ್ದಿ ತಿಳಿದು ಹೊರಟಾಗ, ನಾನು ಬರಬೇಡ ಎಂದರೂ ಅವ್ವ ನನ್ನ ಜೊತೆ ಬಸ್ಸು ಹತ್ತಿದಳು. ನಾವು ಹೋದಾಗ ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿದ್ದರು. ಮೈ ತೊಳೆಯಲು ಯಾರು ಬರುತ್ತೀರಿ ಎಂದು ತಮ್ಮನ ಹೆಂಡತಿ ಕೇಳಿದರು. ನಾನು ಎದ್ದೆ. ಹಿಂದೆಯೇ ಅವ್ವನೂ ಎದ್ದು, ಸೆರಗು ಸಿಕ್ಕಿಸಿಕೊಂಡು, ಬಿಸಿನೀರಿನ ಕೊಡ ಎತ್ತಿಕೊಟ್ಟಳು.